ಡಾರ್ವಿನ್ ಒಪ್ಪಿಕೊಂಡ ಒಂದು ತಪ್ಪು

ಚಾರ್ಲ್ಸ್ ಡಾರ್ವಿನ್ ಎಂದೊಡನೆ ನಮಗೆ ನೆನಪಾಗುವುದು ಜೀವವಿಕಾಸ ವಾದ. ಆದರೆ ವಿದ್ವತ್ ವಲಯ ಆತನನ್ನು ಮೊದಲು ಗುರುತಿಸಿದ್ದು ಭೂವಿಜ್ಞಾನಿಯಾಗಿ. ಆತನ ಬದುಕಿನ ಈ ಅಧ್ಯಾಯದಲ್ಲಿ ಒಂದು ದೊಡ್ಡ ಯಶಸ್ಸೂ ಅಷ್ಟೇ ದೊಡ್ಡ ಸೋಲೂ ಅಕ್ಕಪಕ್ಕದಲ್ಲಿವೆ. ಸೋಲಿನ ಕಥೆಯೇ ಹೆಚ್ಚು ಬೆಲೆಯುಳ್ಳದ್ದು ಎಂದು ನನ್ನ ಅನಿಸಿಕೆ.

1809ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ ಹುಟ್ಟಿದ ಡಾರ್ವಿನ್ ವೈದ್ಯಕೀಯ ಶಿಕ್ಷಣವನ್ನು ಅರ್ಧಕ್ಕೆ ಬಿಟ್ಟು, ಪಾದ್ರಿಯಾಗಲೆಂದು ಕೇಂಬ್ರಿಜ್ ಸೇರಿದವನು. 1831ರ ಡಿಸೆಂಬರಿನಲ್ಲಿ ಬೀಗಲ್ ಹಡಗು ಏರಿದಾಗ ಆತನ ವಯಸ್ಸು 22. ನಾಯಕ ಫಿಟ್ಜ್‌ರಾಯ್ ಕೊಟ್ಟಿದ್ದ ಲಯಲ್ ಅವರ ಭೂವಿಜ್ಞಾನ ಗ್ರಂಥ ಕೈಯಲ್ಲಿತ್ತು. ಇಂದು ಕಣ್ಣೆದುರು ನಡೆಯುವ ಸಣ್ಣಪುಟ್ಟ ಬದಲಾವಣೆಗಳೇ ದೀರ್ಘಕಾಲದಲ್ಲಿ ಬೆಟ್ಟಗಳನ್ನು ಎತ್ತಬಲ್ಲವು ಎಂಬುದು ಆ ಗ್ರಂಥದ ಸಾರ. ಕೇಪ್ ವರ್ಡ್ ದ್ವೀಪವೊಂದರಲ್ಲಿ ಸಮುದ್ರಮಟ್ಟಕ್ಕಿಂತ ಸುಮಾರು 45 ಅಡಿ ಎತ್ತರದ ಬಂಡೆಯ ಮೈಯಲ್ಲಿ ಚಿಪ್ಪುಗಳಿದ್ದ ಬಿಳಿಯ ಪಟ್ಟಿಯನ್ನು ಕಂಡಾಗಲೇ ಡಾರ್ವಿನ್‌ಗೆ ಈ ವಿಚಾರದ ರುಚಿ ಹತ್ತಿತು.

ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದಲ್ಲಿ ಬಯಲುಗಳು ಕಡಲಿನಿಂದ ಒಳನಾಡಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಅವುಗಳ ಮೇಲೆಲ್ಲ ನೀರಿನಲ್ಲಿ ಉರುಳಿ ದುಂಡಗಾದ ಕಲ್ಲುಗಳ ಹಾಸು. ನಡುನಡುವೆ ಇಂದಿಗೂ ಆ ಕಡಲಿನಲ್ಲಿ ಬದುಕಿರುವ ಜೀವಿಗಳ ಚಿಪ್ಪುಗಳು. ಒಂದೊಂದು ಮೆಟ್ಟಿಲೂ ಒಂದು ಕಾಲದ ಕಡಲತೀರ. ನೀರು ಇಳಿದದ್ದಲ್ಲ, ನೆಲ ಬಿಟ್ಟುಬಿಟ್ಟು ಮೇಲೆದ್ದಿದೆ ಎಂದು ಆತ ಊಹಿಸಿದ. ಚಿಲಿಯ ವಾಲ್‌ಪರೈಸೊ ಬಳಿ 1,300 ಅಡಿ ಎತ್ತರದಲ್ಲಿಯೂ ಚಿಪ್ಪುಗಳು ಸಿಕ್ಕವು.

ಊಹೆಗೆ ಸಾಕ್ಷ್ಯವನ್ನು ಒದಗಿಸಿದ್ದು ಭೂಮಿಯೇ. 1835ರ ಫೆಬ್ರುವರಿ 20ರಂದು ಚಿಲಿಯಲ್ಲಿ ಭಾರೀ ಭೂಕಂಪ ಸಂಭವಿಸಿತು. ಆಗ ವಾಲ್ಡೀವಿಯಾದ ಕಾಡಿನಲ್ಲಿ ವಿಶ್ರಮಿಸುತ್ತಿದ್ದ ಡಾರ್ವಿನ್, ಮಾರ್ಚ್ ಮೊದಲ ವಾರ ಕನ್ಸೆಪ್ಸಿಯಾನ್ ತಲುಪಿದಾಗ ಕಂಡದ್ದು ನೆಲಸಮವಾದ ನಗರ. ಹತ್ತಿರದ ಸಾಂತಾ ಮರಿಯಾ ದ್ವೀಪದಲ್ಲಿ ಫಿಟ್ಜ್‌ರಾಯ್ ಅಳತೆ ಮಾಡಿದರು. ಬಂಡೆಗೆ ಅಂಟಿಕೊಂಡಂತೆಯೇ ಸತ್ತು ಕೊಳೆಯುತ್ತಿದ್ದ ಕಪ್ಪೆಚಿಪ್ಪುಗಳು ಭರತದ ಗೆರೆಗಿಂತ ಸುಮಾರು 10 ಅಡಿ ಮೇಲಿದ್ದವು. ಎತ್ತರದ ಮೆಟ್ಟಿಲುಗಳಲ್ಲಿ ಓದಿದ್ದ ಹಳೆಯ ಕಥೆಯ ಹೊಸ ಪುಟ ಕಣ್ಣೆದುರೇ ತೆರೆದಿತ್ತು. 2010ರ ಫೆಬ್ರುವರಿಯಲ್ಲಿ ಅದೇ ತೀರದಲ್ಲಿ 8.8 ತೀವ್ರತೆಯ ಭೂಕಂಪವಾದಾಗ ಈ ದ್ವೀಪ ಮತ್ತೆ ಮೇಲೆದ್ದಿತು. ನಡುವಣ ವರ್ಷಗಳಲ್ಲಿ ಅದು ನಿಧಾನವಾಗಿ ಕುಸಿದಿತ್ತೆಂಬುದನ್ನು ತಿಳಿಯಲು ವಿಜ್ಞಾನಿಗಳು ಫಿಟ್ಜ್‌ರಾಯ್ ಅಳತೆಗಳನ್ನೇ ಬಳಸಿಕೊಂಡರು.

ಊರಿಗೆ ಮರಳಿದ ಡಾರ್ವಿನ್ 1837ರ ಜನವರಿಯಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘದ ಮುಂದೆ ಚಿಲಿಯ ಪ್ರಬಂಧ ಮಂಡಿಸಿದ, ಮನ್ನಣೆ ದೊರೆಯಿತು. ಮರುವರ್ಷ ಸ್ಕಾಟ್ಲೆಂಡಿನ ಗ್ಲೆನ್ ರಾಯ್ ಕಣಿವೆಗೆ ಹೋದ. ಅಲ್ಲಿನ ಬೆಟ್ಟಗಳ ಇಕ್ಕೆಲದಲ್ಲೂ ಒಂದರ ಮೇಲೊಂದರಂತೆ ಮೂರು ಗೆರೆಗಳು, ಯಾರೋ ದಾರಿ ಕಡಿದಂತೆ, ಸಮಮಟ್ಟದಲ್ಲಿ ಸಾಗುತ್ತವೆ. ಅವು ಸರೋವರದ ದಡಗಳೆಂದರೆ ನೀರನ್ನು ತಡೆದ ಕಟ್ಟೆ ಕಾಣುವುದಿಲ್ಲ. ಸರೋವರವಲ್ಲದಿದ್ದರೆ ಕಡಲೇ ಇರಬೇಕು, ಚಿಲಿಯಂತೆ ಇಲ್ಲಿಯೂ ನೆಲ ಎದ್ದಿರಬೇಕು ಎಂದು ಆತ ತೀರ್ಮಾನಿಸಿದ. ಒಂದೇ ಒಂದು ಕಡಲಚಿಪ್ಪು ಸಿಗದಿದ್ದರೂ ಅದಕ್ಕೊಂದು ಸಮಾಧಾನ ಹುಡುಕಿಕೊಂಡು 1839ರಲ್ಲಿ ಪ್ರಬಂಧ ಪ್ರಕಟಿಸಿದ.

ಮರುವರ್ಷವೇ ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ ಆ ಕಣಿವೆಯನ್ನು ಕಂಡು, ಕಟ್ಟೆಯಾಗಿದ್ದದ್ದು ಹಿಮನದಿ ಎಂದರು. ಹಿಮದ ಕಟ್ಟೆ ಕರಗಿಹೋದ ಮೇಲೆ ಕಾಣುವುದಾದರೂ ಹೇಗೆ? ಡಾರ್ವಿನ್ ಒಪ್ಪಲಿಲ್ಲ, ಎರಡು ದಶಕ ತನ್ನ ವಾದಕ್ಕೇ ಅಂಟಿಕೊಂಡಿದ್ದ. 1861ರಲ್ಲಿ ಥಾಮಸ್ ಜೇಮಿಸನ್ ಕಣಿವೆಯನ್ನು ಮತ್ತೆ ಪರಿಶೀಲಿಸಿ ಹಿಮದ ವಾದವನ್ನು ಗಟ್ಟಿಗೊಳಿಸಿದಾಗ ಮಾತ್ರ ಶರಣಾದ. ಆ ವೇಳೆಗೆ ಜೀವವಿಕಾಸದ ಮಹಾಗ್ರಂಥ ಹೊರಬಂದು ಎರಡು ವರ್ಷಗಳಾಗಿದ್ದವು. ಎದುರಾಳಿಗಳು ಆತನ ಒಂದೊಂದು ತಪ್ಪಿಗೂ ಹೊಂಚು ಹಾಕುತ್ತಿದ್ದ ಕಾಲ. ಆದರೂ ಗೆಳೆಯರಿಗೆ ಸೋಲನ್ನು ಬರೆದು ತಿಳಿಸಿದ. ಮಕ್ಕಳಿಗಾಗಿ ಬರೆದಿಟ್ಟ ಆತ್ಮಕಥನದಲ್ಲಿ ಅದನ್ನು ನಾಚಿಕೆಗೇಡಿನ ಪ್ರಮಾದವೆಂದೇ ದಾಖಲಿಸಿದ.

ಸ್ಕಾಟ್ಲೆಂಡಿನ ನೆಲ ಏಳುತ್ತಿದ್ದುದು ಮಾತ್ರ ಸುಳ್ಳಲ್ಲ. ಅದರ ಕರಾವಳಿಯಲ್ಲಿ ಮೇಲೆದ್ದ ಕಡಲತೀರಗಳು ನಿಜವಾಗಿಯೂ ಇವೆ. ಮಂಜುಗಡ್ಡೆಯ ಭಾರಕ್ಕೆ ನೆಲ ತಗ್ಗಿ, ಅದು ಕರಗಿದ ಮೇಲೆ ಏಳುತ್ತದೆ ಎಂಬ ವಿವರಣೆಯನ್ನು 1865ರಲ್ಲಿ ಮುಂದಿಟ್ಟವರು ಅದೇ ಜೇಮಿಸನ್.

ಡಾರ್ವಿನ್ ಎಡವಿದ್ದು ಅವಲೋಕನದಲ್ಲಲ್ಲ, ತರ್ಕದಲ್ಲಿ. ಇದಲ್ಲದಿದ್ದರೆ ಅದು ಎನ್ನುವ ವಾದ ನಿಲ್ಲಬೇಕಾದರೆ ಎಲ್ಲ ಸಾಧ್ಯತೆಗಳೂ ಪಟ್ಟಿಯಲ್ಲಿರಬೇಕು. ಮೂರು ದಶಕಗಳ ಸರ್ಕಾರಿ ಸೇವೆಯಲ್ಲಿ ನಾನೂ ಕಡತಗಳ ಮೇಲೆ ಎರಡೇ ಆಯ್ಕೆಗಳನ್ನು ಬರೆದು, ಒಂದನ್ನು ತಳ್ಳಿಹಾಕಿ, ಉಳಿದದ್ದನ್ನು ಅನಿವಾರ್ಯವೆಂದು ಶಿಫಾರಸು ಮಾಡಿದ್ದುಂಟು. ಮೂರನೆಯದು ಇತ್ತೆಂದು ಕೆಲವೊಮ್ಮೆ ವರ್ಷಗಳ ನಂತರ ತಿಳಿದಿದೆ. ಅದನ್ನು ಅದೇ ಕಡತದಲ್ಲಿ ನಮೂದಿಸುವ ಧೈರ್ಯವನ್ನು ಮಾತ್ರ ನಾನು ತೋರಲಿಲ್ಲ.

1882ರಲ್ಲಿ ತೀರಿಕೊಂಡ ಡಾರ್ವಿನ್‌ಗೆ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವ ದೊರೆಯಿತು. ಗ್ಲೆನ್ ರಾಯ್‌ನ ಮೂರು ಗೆರೆಗಳು ಇಂದಿಗೂ ಅಳಿಸಿಲ್ಲ. ದೊಡ್ಡವರ ತಪ್ಪುಗಳೂ ಹಾಗೆಯೇ ಕಣ್ಣಿಗೆ ಬೀಳುವಂತೆ ಉಳಿಯಬೇಕು. ಹಿಂದೆ ಬರುವವರಿಗೆ ಅವೇ ದಾರಿ.