ಹತ್ತಿರದ ಬಾಗಿಲು ಯಾರದು?

ಪುಟಾಣಿಗಳೇ, ಡೊಂಬಿವಲಿ, ಕಲ್ಯಾಣ, ಠಾಣೆ, ನವಿ ಮುಂಬಯಿಯ ಬಿಲ್ಡಿಂಗುಗಳಲ್ಲಿ ಬೆಳೆಯುವ ನಿಮಗೆ ನೆರೆಮನೆ ಎಂದರೇನು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಮಹಡಿಯಲ್ಲಿ ಮರಾಠಿ ಮನೆ, ಗುಜರಾತಿ ಮನೆ, ತುಳು ಮಾತಾಡುವ ನಮ್ಮವರ ಮನೆ, ಮಂಗಳೂರು ಕಡೆಯ ಮುಸ್ಲಿಮರಾದ ಬ್ಯಾರಿಗಳ ಮನೆ ಇರುವುದುಂಟು. ಆ ಬ್ಯಾರಿ ಮನೆಯ ಹಿರಿಯರು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹೇಳುವ ಹದೀಸುಗಳಲ್ಲಿ ಕೆಲವನ್ನು ಈ ಸಲ ನಿಮಗೆ ಹೇಳುತ್ತೇನೆ.

ಪ್ರವಾದಿ ಮುಹಮ್ಮದರು (570–632) ಏನು ಹೇಳಿದರು, ಹೇಗೆ ನಡೆದುಕೊಂಡರು ಎಂಬುದನ್ನು ಕಂಡು ಕೇಳಿದವರು ಮುಂದಿನವರಿಗೆ ದಾಟಿಸಿದ ವರದಿಗಳೇ ಹದೀಸುಗಳು. ಯಾರು ಯಾರಿಂದ ಕೇಳಿದರು ಎಂಬ ಹೆಸರುಗಳ ಸಾಲೂ ಜೊತೆಗೇ ಬರುತ್ತದೆ. ಹಾಗೆ ಬಹಳಷ್ಟು ದಾಟಿಸಿದವರಲ್ಲಿ ಒಬ್ಬರು ಅಬೂ ಹುರೈರಾ. ಸದಾ ಜೊತೆಗಿರುತ್ತಿದ್ದ ಬೆಕ್ಕಿನ ಮರಿಯಿಂದಲೇ ಅವರಿಗೆ ಆ ಹೆಸರು ಬಂತು! ಇಂದಿನ ಉಜ್ಬೇಕಿಸ್ತಾನದಲ್ಲಿರುವ ಬುಖಾರಾ ಊರಿನ ಇಮಾಮ್ ಬುಖಾರಿ (810–870) ಊರೂರು ಅಲೆದು ಹದೀಸುಗಳನ್ನು ಪರೀಕ್ಷಿಸಿ ಸಂಗ್ರಹಿಸಿದರು. ಒಳ್ಳೆಯ ನಡತೆಯ ಹದೀಸುಗಳಿಗೆಂದೇ ಅವರು ಬೇರೊಂದು ಪುಸ್ತಕವನ್ನೂ ಕಟ್ಟಿದರು.

ನನಗೆ ತುಂಬಾ ಇಷ್ಟವಾದವು ನೆರೆಹೊರೆಯ ಹದೀಸುಗಳು. ತನಗೆ ಇಬ್ಬರು ನೆರೆಯವರಿದ್ದಾರೆ, ಉಡುಗೊರೆಯನ್ನು ಯಾರಿಗೆ ಕೊಡಲಿ ಎಂದು ಪ್ರವಾದಿಯವರ ಪತ್ನಿ ಆಯಿಷಾ ಒಮ್ಮೆ ಕೇಳಿದರು. ಯಾರ ಬಾಗಿಲು ಹತ್ತಿರವೋ ಅವರಿಗೆ ಎಂಬ ಉತ್ತರ ಬಂತು. ಅವರು ಯಾವ ಕುಲದವರು, ಎಷ್ಟು ಹಣವಂತರು ಎಂಬ ವಿಚಾರಣೆಯೇ ಇಲ್ಲ. ಅಬೂ ದರ್ ಎಂಬ ಸಂಗಾತಿಗೆ ಪ್ರವಾದಿಯವರು ಹೇಳಿದ್ದು ಇನ್ನೂ ಸರಳ: ಸಾರು ಮಾಡುವಾಗ ನೀರು ಸ್ವಲ್ಪ ಹೆಚ್ಚು ಹಾಕಿ ನೆರೆಯವರಿಗೂ ಕೊಡಬೇಕು. ಕೊಡಲು ಸಿರಿವಂತರೇ ಆಗಬೇಕಿಲ್ಲ, ಒಂದು ಸೌಟು ನೀರು ಸಾಕು. ಮುಂದೆ ಅಬ್ದುಲ್ಲಾ ಬಿನ್ ಅಮ್ರ್ ಎಂಬವರ ಮನೆಯಲ್ಲಿ ಒಂದು ದಿನ ಕುರಿ ಕೊಯ್ದರು. ನಮ್ಮ ಯಹೂದಿ ನೆರೆಯವರಿಗೆ ಕೊಟ್ಟಿರಾ, ಕೊಟ್ಟಿರಾ ಎಂದು ಅವರು ಮತ್ತೆ ಮತ್ತೆ ವಿಚಾರಿಸಿದರಂತೆ. ಪ್ರವಾದಿಯವರು ನೆರೆಯವರ ಬಗ್ಗೆ ಹೇಳಿದ್ದನ್ನು ಅವರು ಮರೆತಿರಲಿಲ್ಲ. ಧರ್ಮ ಬೇರೆಯಾದರೂ ನೆರೆಯವರು ನೆರೆಯವರೇ ಎಂಬುದು ಇಷ್ಟು ಸ್ಪಷ್ಟವಾಗಿರುವಾಗ, ಫ್ಲ್ಯಾಟಿನ ಬಾಗಿಲು ಮುಚ್ಚಿಕೊಂಡು ಬದುಕುವುದು ನನಗೆ ಸರಿ ಕಾಣುವುದಿಲ್ಲ. ಬೇರೆ ಬೇರೆ ಧರ್ಮದವರು ಒಟ್ಟಾಗುವುದು ನಿಮಗೆ ಹೊಸದಲ್ಲ; ಕಲ್ಯಾಣದ ಬಳಿಯ ಮಲಂಗಗಡದಲ್ಲಿರುವ ಹಾಜಿ ಮಲಂಗ್ ದರ್ಗಾಕ್ಕೆ ಹಿಂದೂಗಳೂ ಮುಸ್ಲಿಮರೂ ಬೆಟ್ಟ ಹತ್ತಿ ಹೋಗುವುದನ್ನು ನಿಮ್ಮಲ್ಲಿ ಕೆಲವರಾದರೂ ನೋಡಿರಬೇಕು.

ಇನ್ನೊಂದು ಪುಟ್ಟ ಪ್ರಸಂಗ. ಅಬೂ ಉಮೈರ್ ಎಂಬ ಚಿಕ್ಕ ಹುಡುಗ ಒಂದು ಹಕ್ಕಿ ಸಾಕಿದ್ದ. ಅದು ಸತ್ತುಹೋಯಿತು. ಊರಿನ ಎಷ್ಟೋ ಜವಾಬ್ದಾರಿ ಹೊತ್ತಿದ್ದ ಪ್ರವಾದಿಯವರು ಅವನ ಸಪ್ಪೆ ಮೋರೆ ಕಂಡು, ನಿನ್ನ ಹಕ್ಕಿ ಏನು ಮಾಡಿತಪ್ಪಾ ಎಂದು ಪ್ರಾಸ ಕೂಡಿಸಿ ಮಾತಾಡಿಸಿದರು. ಅವನ ಅಣ್ಣ ಅನಸ್ ಹತ್ತು ವರ್ಷ ಪ್ರವಾದಿಯವರ ಸೇವೆಯಲ್ಲಿದ್ದ ಹುಡುಗ. ಅಷ್ಟು ದಿನದಲ್ಲಿ ಪ್ರವಾದಿಯವರು ಒಮ್ಮೆಯೂ ತನ್ನನ್ನು ಗದರಿಸಲಿಲ್ಲ ಎಂದು ಅನಸ್ ದೊಡ್ಡವರಾದ ಮೇಲೆ ನೆನೆಯುತ್ತಿದ್ದರು. ಬಾಯಾರಿದ ನಾಯಿಗಾಗಿ ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲೇ ನೀರು ತುಂಬಿ ಕುಡಿಸಿದವನ ಪಾಪವನ್ನು ದೇವರು ಕ್ಷಮಿಸಿದ ಕಥೆಯೂ ಹದೀಸಿನಲ್ಲೇ ಇದೆ. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ದಾನವೇ ಎನ್ನುತ್ತದೆ ಇನ್ನೊಂದು ಹದೀಸು.

ಪ್ರವಾದಿಯವರ ಬಗ್ಗೆ ಕನ್ನಡದಲ್ಲಿ ಓದಬೇಕೆಂದರೆ ಪುತ್ತೂರು ಕಡೆಯ ಬೊಳುವಾರು ಮಹಮದ್ ಕುಂಞಿ ಅವರ ಪುಸ್ತಕಗಳಿವೆ. ಗಾಂಧೀಜಿಯ ಕಥೆಯನ್ನು ಮಕ್ಕಳಿಗಾಗಿ ಬರೆದು 2010ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಪಡೆದವರು ಇವರೇ. ಪ್ರವಾದಿಯವರ ಬದುಕನ್ನು ಕುರಿತ ಇವರ ಕಾದಂಬರಿ ‘ಓದಿರಿ’ ದೊಡ್ಡ ಪುಸ್ತಕ. ಅಪ್ಪ ಅಮ್ಮ ದಿನಕ್ಕಿಷ್ಟು ಓದಿ ಹೇಳಲಿ.

ನಿಮ್ಮ ಬಿಲ್ಡಿಂಗಿನಲ್ಲಿ ಬ್ಯಾರಿ ಅಜ್ಜ ಅಜ್ಜಿ ಇದ್ದರೆ, ಚಿಕ್ಕಂದಿನಲ್ಲಿ ತಾವು ಕೇಳಿದ ಒಂದು ಹದೀಸನ್ನು ಹೇಳಿ ಎಂದು ಕೇಳಿ. ಅದನ್ನು ನಿಮ್ಮ ಕನ್ನಡದಲ್ಲೇ ಬರೆದು ಮುಂದಿನ ಸಂಚಿಕೆಗೆ ಕಳಿಸಿ. ಅಕ್ಷರ ತಪ್ಪಿದ್ದರೆ ನಾವು ತಿದ್ದಿಕೊಳ್ಳುತ್ತೇವೆ.