ಬೆಸುಗೆ ನೋಡೋ ಯಂತ್ರದಲ್ಲಿ ಮಗು ಕಂಡ ಡಾಕ್ಟರು

ವಾರ್ಷಿಕ ಸಂಚಿಕೆಗೆ ಒಬ್ಬ ದೊಡ್ಡವರ ಜೀವನ ಬರೆದುಕೊಡು ಅಂತ ಸಂಘದವರು ಕೇಳಿದಾಗ, ನಾನು ವಿಶ್ವೇಶ್ವರಯ್ಯನವರ ಬಗ್ಗೆ ಬರೀತೀನಿ ಅಂದುಕೊಂಡಿದ್ದರೋ ಏನೋ. ನಾನು ಐಟಿಐ ಮಾಡಿದ ಎಲೆಕ್ಟ್ರಿಷಿಯನ್. ನನ್ನ ಕೆಲಸಕ್ಕೂ ನನ್ನ ಮನೆಗೂ ಸಂಬಂಧಪಟ್ಟ ಒಬ್ಬರನ್ನು ಆರಿಸಿಕೊಂಡೆ. ಇಯಾನ್ ಡೊನಾಲ್ಡ್ ಅಂತ, ಗರ್ಭಿಣಿಯರ ಸ್ಕ್ಯಾನಿಂಗಿಗೆ ದಾರಿ ಮಾಡಿಕೊಟ್ಟ ಡಾಕ್ಟರು.

ಇಲ್ಲಿ ಮಸ್ಕತ್‌ನಲ್ಲಿ ಶಟ್‌ಡೌನ್ ಕೆಲಸಕ್ಕೆ ಹೋದವರು ನೋಡಿರ್ತೀರಿ. ಪೈಪಿನ ವೆಲ್ಡಿಂಗ್ ಮೇಲೆ ಜೆಲ್ ಹಚ್ಚಿ, ಸಣ್ಣ ಪ್ರೋಬ್ ಇಟ್ಟು, ಪರದೆ ನೋಡುತ್ತಾ ಕೂರೋ ಯುಟಿ ಹುಡುಗರು. ಪ್ರೋಬಿನೊಳಗೆ ಒಂದು ಹರಳು. ಅದಕ್ಕೆ ಕರೆಂಟ್ ಕೊಟ್ಟರೆ ನಡುಗಿ, ನಮ್ಮ ಕಿವಿಗೆ ಕೇಳದ ಶಬ್ದ ಹೊರಡುತ್ತೆ. ಒಳಗೆ ಬಿರುಕಿದ್ದರೆ ಪ್ರತಿಧ್ವನಿ ವಾಪಸ್ ಬಂದು ಹರಳನ್ನು ತಟ್ಟುತ್ತೆ, ಅದು ಮತ್ತೆ ಕರೆಂಟಾಗುತ್ತೆ. ಎಷ್ಟು ಹೊತ್ತಿಗೆ ಬಂತು ಅನ್ನೋದರ ಮೇಲೆ ಆಳದ ಲೆಕ್ಕ. ಡೊನಾಲ್ಡ್ ಅವರು ಮೊದಲು ಬಳಸಿದ್ದು ಇದೇ ಯಂತ್ರ.

ಅವರು ಹುಟ್ಟಿದ್ದು 1910ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ. ಓದಿದ್ದು ದಕ್ಷಿಣ ಆಫ್ರಿಕಾದಲ್ಲಿ, ಆಮೇಲೆ ಲಂಡನ್ನಿನಲ್ಲಿ. 1937ರಲ್ಲಿ ಡಾಕ್ಟರಾದರು. ಮಹಾಯುದ್ಧದಲ್ಲಿ ವಾಯುಪಡೆಯ ವೈದ್ಯರಾಗಿದ್ದಾಗ, ಬಾಂಬು ತುಂಬಿದ ವಿಮಾನ ಬಿದ್ದು ಉರಿಯುತ್ತಿದ್ದರೂ ಒಳಗೆ ಹೋಗಿ ಜನರನ್ನು ಎಳೆದು ತಂದರು. ಅದಕ್ಕೆ ಪದಕ ಸಿಕ್ಕಿತು. ರೇಡಾರ್, ಸೋನಾರ್ ಪರಿಚಯ ಆಗಿದ್ದೂ ಅಲ್ಲೇ. ಯುದ್ಧ ಮುಗಿದ ಮೇಲೆ ಉಸಿರಾಡಲು ಕಷ್ಟಪಡುವ ಹಸುಗೂಸುಗಳಿಗೆ ಯಂತ್ರ ಮಾಡಲು ಕೂತರು. ಯಂತ್ರದ ಹುಚ್ಚಿಗೆ ಜೊತೆಯವರು ಅವರನ್ನು ಹುಚ್ಚು ಡೊನಾಲ್ಡ್ ಅಂತಲೇ ಕರೆಯುತ್ತಿದ್ದರಂತೆ.

1954ರಲ್ಲಿ ಗ್ಲಾಸ್ಗೋಗೆ ಪ್ರೊಫೆಸರಾಗಿ ಬಂದರು. ಹಡಗು ಕಟ್ಟೋ ಊರು, ಪಕ್ಕದ ರೆನ್‌ಫ್ರೂನಲ್ಲಿ ಬಾಯ್ಲರ್ ಕಾರ್ಖಾನೆ. ಆಗ ಗರ್ಭದೊಳಗೆ ನೋಡಬೇಕಂದ್ರೆ ಇದ್ದದ್ದು ಎಕ್ಸ್‌ರೇ ಒಂದೇ, ಅದು ಮಗುವಿಗೆ ಒಳ್ಳೆಯದಲ್ಲ. 1955ರ ಜುಲೈನಲ್ಲಿ ಆಪರೇಷನ್ನಿನಲ್ಲಿ ತೆಗೆದ ಗಡ್ಡೆಗಳನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಸೀದಾ ಆ ಕಾರ್ಖಾನೆಗೆ ಹೋದರು! ಕಾರ್ಖಾನೆಯವರು ಹೋಲಿಸಿ ನೋಡಲು ಒಂದು ದೊಡ್ಡ ತುಂಡು ಮಾಂಸ ತರಿಸಿಟ್ಟಿದ್ದರು. ನೀರು ತುಂಬಿದ ಗಡ್ಡೆಯಲ್ಲಿ ಶಬ್ದ ಸರಾಗ ಹಾದು ಆಚೆ ಗೋಡೆಯಿಂದ ಪ್ರತಿಧ್ವನಿ ಬಂತು. ಗಟ್ಟಿ ಗಡ್ಡೆಯಲ್ಲಿ ಉದ್ದಕ್ಕೂ ಬಂದು ಬಂದು ಕ್ಷೀಣವಾಯಿತು. ಎರಡನ್ನೂ ಕುಯ್ಯದೇ ಗುರುತಿಸಬಹುದು ಅಂತ ಅಲ್ಲಿ ಖಾತ್ರಿಯಾಯಿತು.

ಇನ್ನು ನನಗೆ ಬಹಳ ಇಷ್ಟವಾದ ಭಾಗ. 1956ರಲ್ಲಿ ಟಾಮ್ ಬ್ರೌನ್ ಅನ್ನೋ 23ರ ಹುಡುಗ ಆಸ್ಪತ್ರೆಯ ಆಪರೇಷನ್ ಥಿಯೇಟರಿಗೆ ಬಲ್ಬಿನ ಕೆಲಸಕ್ಕೆ ಹೋಗಿದ್ದ. ಲೋಹದ ಬಿರುಕು ಹುಡುಕೋ ಯಂತ್ರ ತಯಾರಿಸುತ್ತಿದ್ದ ಕೆಲ್ವಿನ್ ಹ್ಯೂಸ್ ಕಂಪನಿಯವನು. ಯಾರೋ ಡಾಕ್ಟರು ಅದೇ ಯಂತ್ರವನ್ನು ಮನುಷ್ಯರ ಮೇಲೆ ಇಡುತ್ತಿದ್ದಾರೆ ಅಂತ ಅಲ್ಲಿ ಕಿವಿಗೆ ಬಿತ್ತು. ಫೋನ್ ಪುಸ್ತಕದಲ್ಲಿ ನಂಬರ್ ಹುಡುಕಿ ಪ್ರೊಫೆಸರಿಗೇ ಫೋನ್ ಹಚ್ಚಿದ. ಹೋಗಿ ನೋಡಿದರೆ ಹಳೇ ಯಂತ್ರ, ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಕಂಪನಿಯಿಂದ ಒಳ್ಳೇದು ಕೊಡಿಸಿದ. ಆಮೇಲೆ ಪ್ರೋಬ್ ಹೋದ ಜಾಗವನ್ನೂ ಪರದೆಗೆ ಜೋಡಿಸಿ, ಬರೀ ಗೆರೆ ಏಳುತ್ತಿದ್ದ ಕಡೆ ಚಿತ್ರ ಮೂಡೋ ಹಾಗೆ ಮಾಡಿದ. ನಾನೂ ಇಲ್ಲಿ ಆಸ್ಪತ್ರೆಗಳಲ್ಲಿ ಬಲ್ಬು ಬದಲಾಯಿಸಿದ್ದೀನಿ, ತಲೆ ತಗ್ಗಿಸಿ ಏಣಿ ಹೊತ್ತು ವಾಪಸ್ ಬಂದಿದ್ದೀನಿ. ಆ ಹುಡುಗ ಫೋನ್ ಮಾಡಿದ್ದು ದೊಡ್ಡದು. ಪ್ರೊಫೆಸರು ಅವನ ಮಾತು ಕೇಳಿಸಿಕೊಂಡಿದ್ದೂ ಕಡಿಮೆಯಲ್ಲ.

ಆ ದಿನಗಳಲ್ಲೇ ಒಬ್ಬ ಹೆಂಗಸಿಗೆ ಹೊಟ್ಟೆ ಕ್ಯಾನ್ಸರ್, ಇನ್ನು ಏನೂ ಮಾಡೋ ಹಾಗಿಲ್ಲ ಅಂತ ಬೇರೆ ಡಾಕ್ಟರು ಕೈಬಿಟ್ಟಿದ್ದರು. ಡೊನಾಲ್ಡ್ ಅವರ ಯಂತ್ರದಲ್ಲಿ ನೀರು ತುಂಬಿದ ದೊಡ್ಡ ಗಡ್ಡೆ ಕಂಡಿತು. ಅದು ಅಂಡಾಶಯದ ಗಡ್ಡೆ. ತೆಗೆದರು, ಆಕೆ ಉಳಿದರು. ಅಲ್ಲಿಂದಾಚೆ ನಗುವವರು ಕಡಿಮೆಯಾದರು. 1958ರ ಜೂನ್‌ನಲ್ಲಿ ಡೊನಾಲ್ಡ್, ಜೊತೆಯ ವೈದ್ಯ ಜಾನ್ ಮ್ಯಾಕ್‌ವಿಕರ್, ಟಾಮ್ ಬ್ರೌನ್ ಮೂವರ ಹೆಸರಲ್ಲೂ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಲೇಖನ ಬಂತು.

ಎಳೆ ಗರ್ಭ ಮಾತ್ರ ಕಾಣುತ್ತಿರಲಿಲ್ಲ. ಕರುಳಿನ ಗಾಳಿ ದಾಟಿ ಶಬ್ದ ಹೋಗಲ್ಲ. ಮೂತ್ರಕೋಶ ತುಂಬಿದ್ದರೆ ಅದು ಕರುಳನ್ನು ಪಕ್ಕಕ್ಕೆ ತಳ್ಳಿ ಕಿಟಕಿ ತೆಗೆದ ಹಾಗೆ ಆಗುತ್ತೆ ಅಂತ 1963ರಲ್ಲಿ ಅವರಿಗೆ ಗೊತ್ತಾಯಿತು. ಅವರ ಹೃದಯದ ಕವಾಟವೇ ಕೆಟ್ಟಿತ್ತು. ದೊಡ್ಡ ಆಪರೇಷನ್ನುಗಳಾದವು, ಆದರೂ ಕೆಲಸ ಬಿಡಲಿಲ್ಲ. ಗರ್ಭಪಾತದ ಕಾನೂನಿಗೆ ಕಡು ವಿರೋಧಿ. ಸ್ಕ್ಯಾನ್ ಚಿತ್ರ ತೋರಿಸಿ ಹೆಂಗಸರ ಮನಸ್ಸು ಬದಲಿಸೋಕೆ ನೋಡುತ್ತಿದ್ದರು. ಕಷ್ಟದಲ್ಲಿ ಬಂದವರಿಗೆ ಹಾಗೆ ಮಾಡಿದ್ದು ನನಗೆ ಸರಿ ಕಾಣಲ್ಲ. 1987ರ ಜೂನ್‌ನಲ್ಲಿ ತೀರಿಕೊಂಡರು. ಅಷ್ಟೊತ್ತಿಗೆ ಅವರ ಯಂತ್ರ ನಮ್ಮ ಕಡೆಗೂ ಬಂದು, ಹೆಣ್ಣು ಅಂತ ತಿಳಿದು ತೆಗೆಸೋಕೂ ಬಳಕೆಯಾಗುತ್ತಿತ್ತು. 1994ರಲ್ಲಿ ಕಾನೂನೇ ತರಬೇಕಾಯಿತು.

ಕಾನೂನು ಬಂದು ಇಷ್ಟು ವರ್ಷವಾದರೂ ನನಗೇ ಒಬ್ಬ ನೆಂಟರು ಫೋನ್ ಮಾಡಿದ್ದರು. ಮೊದಲನೇದು ಹೆಣ್ಣಲ್ವಾ, ದುಡ್ಡು ಕೊಟ್ಟರೆ ಹೇಳೋ ಕಡೆ ಇದೆ ಅಂತ. ಅವರ ಜೊತೆ ಈಗ ಮಾತಿಲ್ಲ. ಅದೇ ಸಲ ಎರಡನೇ ತಿಂಗಳಲ್ಲಿ ನನ್ನಾಕೆಗೆ ರಕ್ತ ಕಾಣಿಸಿಕೊಂಡಿತ್ತು. ಅದಕ್ಕೂ ಹಿಂದೆ ಒಂದು ಹೋಗಿತ್ತು. ನಾನು ಇಲ್ಲಿ ಪ್ಯಾನೆಲ್ ಮುಂದೆ, ಕೈ ನಡುಗುತ್ತೆ ಅಂತ ಫೋರ್‌ಮನ್ನಿಗೆ ಹೇಳಿ ಟೂಲ್ಸ್ ಕೆಳಗಿಟ್ಟೆ. ಅವಳು ಅರಸೀಕೆರೆಯಲ್ಲಿ ಒಂದೂವರೆ ಲೀಟರ್ ನೀರು ಕುಡಿದು ಬೆಂಚಿನ ಮೇಲೆ ಸರದಿ ಕಾಯುತ್ತಿದ್ದಳು. ಧೈರ್ಯಕ್ಕೆ ಏನಾದ್ರೂ ಹೇಳಬೇಕಲ್ಲ, ಈ ನೀರು ಕುಡಿಸೋ ಪದ್ಧತಿ ಗ್ಲಾಸ್ಗೋ ಪ್ರೊಫೆಸರದ್ದು ಅಂತ ಶುರುಮಾಡಿದೆ. ಅವಳು ಫೋನ್ ಕಟ್ ಮಾಡಿದಳು. ಮುಕ್ಕಾಲು ಗಂಟೆ ಬಿಟ್ಟು ಬೂದು ಬಣ್ಣದ ಒಂದು ಫೋಟೋ ಬಂತು. ಹುರುಳಿಕಾಳಿನಷ್ಟು ಬಿಳಿ ಚುಕ್ಕೆ, ಕೆಳಗೆ ಬಡಿತದ ಸಂಖ್ಯೆ.