ಯೋಸೆಫ್ ಸ್ಟೆಫಾನ್

ಕರಗಿದ ಲೋಹವನ್ನು ಅಚ್ಚಿಗೆ ಎರೆದಾಗ ಅದು ಒಮ್ಮೆಗೇ ಗಟ್ಟಿಯಾಗುವುದಿಲ್ಲ. ಅಚ್ಚಿನ ಗೋಡೆಗೆ ತಾಗಿದ ಭಾಗ ಮೊದಲು ಹೆಪ್ಪುಗಟ್ಟುತ್ತದೆ. ಘನ ಮತ್ತು ದ್ರವಗಳ ನಡುವಣ ಗಡಿಯು ಮೆಲ್ಲಮೆಲ್ಲನೆ ಒಳಸರಿಯುತ್ತದೆ. ಆ ಗಡಿ ಯಾವ ಕ್ಷಣದಲ್ಲಿ ಎಲ್ಲಿರುವುದೆಂಬ ಪ್ರಶ್ನೆಗೆ ಗಣಿತದಲ್ಲಿ ಸ್ಟೆಫಾನ್ ಸಮಸ್ಯೆಯೆಂದು ಹೆಸರು. ಹೆಸರಿಗೆ ಕಾರಣರಾದ ಯೋಸೆಫ್ ಸ್ಟೆಫಾನರು ಎರಕದ ಕುಲುಮೆಯ ಬಳಿ ನಿಂತವರಲ್ಲ. ಅವರು ಚಿಂತಿಸಿದ್ದು ಧ್ರುವಸಮುದ್ರದ ಮಂಜುಗಡ್ಡೆಯನ್ನು ಕುರಿತು.

ಆಸ್ಟ್ರಿಯಾದ ಕ್ಲಾಗೆನ್‌ಫರ್ಟ್ ನಗರದ ಬಳಿ 1835ರ ಮಾರ್ಚ್ 24ರಂದು ಬಡ ಸ್ಲೊವೇನ ಕುಟುಂಬದಲ್ಲಿ ಅವರ ಜನನವಾಯಿತು. ತಂದೆ ಹಿಟ್ಟಿನ ಗಿರಣಿಯ ಕೆಲಸಗಾರ, ತಾಯಿ ಮನೆಗೆಲಸದಾಕೆ. ಶಾಲೆಯಲ್ಲಿ ಅಗ್ರಸ್ಥಾನ ಪಡೆದ ಬಾಲಕನಿಗೆ ಬೆನೆಡಿಕ್ಟೈನ್ ಸಂನ್ಯಾಸಿಗಳ ಮಠ ಸೇರುವ ಮನಸ್ಸೂ ಕೆಲಕಾಲ ಇದ್ದಿತು. ಭೌತವಿಜ್ಞಾನದ ಸೆಳೆತವೇ ಗೆದ್ದು 1853ರಲ್ಲಿ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೆ ಬಂದರು. ತಾರುಣ್ಯದಲ್ಲಿ ತಾಯ್ನುಡಿಯಲ್ಲಿ ಕವಿತೆಗಳನ್ನೂ ರಚಿಸಿದರು. 1863ರಲ್ಲಿ ಅಲ್ಲಿಯೇ ಪ್ರಾಧ್ಯಾಪಕರಾದರು. ಕಾದ ವಸುವು ಹೊರಸೂಸುವ ಶಕ್ತಿಯು ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದೆಂದು 1879ರಲ್ಲಿ ತೋರಿಸಿದ್ದರಿಂದ ಅವರ ಕೀರ್ತಿ ಹರಡಿತು. ಶಿಷ್ಯ ಬೋಲ್ಟ್ಸ್‌ಮನ್ 1884ರಲ್ಲಿ ಅದಕ್ಕೆ ಸೈದ್ಧಾಂತಿಕ ಆಧಾರ ಒದಗಿಸಿದರು.

ಮಂಜುಗಡ್ಡೆಯ ಲೇಖನ ಹೊರಬಂದದ್ದು 1889ರಲ್ಲಿ. ನೀರು ಹೆಪ್ಪುಗಟ್ಟುವಾಗ ಬಿಟ್ಟುಕೊಡುವ ಗುಪ್ತೋಷ್ಣವು ಈಗಾಗಲೇ ಬೆಳೆದಿರುವ ಮಂಜಿನ ಪದರವನ್ನು ದಾಟಿಯೇ ಮೇಲಿನ ತಣ್ಣನೆಯ ಗಾಳಿಯನ್ನು ಸೇರಬೇಕು. ಪದರ ದಪ್ಪವಾದಷ್ಟೂ ಅದು ನೀರಿಗೆ ಹೊದಿಸಿದ ಕಂಬಳಿಯಂತಾಗಿ ಬೆಳವಣಿಗೆ ನಿಧಾನವಾಗುತ್ತದೆ. ಮಂಜು ತಾನೇ ತಣಿಯುವಾಗ ಬಿಡುವ ಅಲ್ಪ ಶಾಖವನ್ನು ಬದಿಗಿಟ್ಟರೆ ಲೆಕ್ಕ ಸರಳ: ದಪ್ಪದ ವರ್ಗವು ಕಾಲಕ್ಕೆ ಅನುಗುಣ. ಚಳಿ ಒಂದೇ ಸಮನಾಗಿದ್ದರೆ ಇಮ್ಮಡಿ ದಪ್ಪಕ್ಕೆ ನಾಲ್ಮಡಿ ಕಾಲ ಬೇಕು. ಏನನ್ನು ಕೈಬಿಡಬಹುದೆಂದು ಅರಿತದ್ದೇ ಇಲ್ಲಿನ ಜಾಣ್ಮೆ. ಧ್ರುವಯಾತ್ರಿಕರು ಪ್ರಾಣವನ್ನೇ ಪಣವಾಗಿಟ್ಟು ಬರೆದಿಟ್ಟಿದ್ದ ಚಳಿ ಹಾಗೂ ಮಂಜಿನ ದಪ್ಪದ ಅಂಕಿಗಳೊಡನೆ ಸ್ಟೆಫಾನರು ತಮ್ಮ ಲೆಕ್ಕವನ್ನು ಹೋಲಿಸಿ ನೋಡಿದರು.

ಈ ದಾರಿಯಲ್ಲಿ ಅವರೇ ಮೊದಲಿಗರಲ್ಲ. ಭೂಮಿಯ ಹೊರಪದರ ಗಟ್ಟಿಯಾದ ಬಗೆಯನ್ನು ಲಾಮೆ ಮತ್ತು ಕ್ಲಾಪೆರೋನ್ 1831ರಲ್ಲೇ ಪರಿಶೀಲಿಸಿದ್ದರು. ಫ್ರಾಂಟ್ಸ್ ನಾಯ್ಮನ್ನರು ತರಗತಿಯಲ್ಲಿ ಪಾಠ ಹೇಳಿದ್ದ ಪೂರ್ಣತರ ಪರಿಹಾರವು ಬಹುಕಾಲ ಅಚ್ಚಾಗದೆ ಉಳಿದಿತ್ತು. ಹೆಸರು ಮಾತ್ರ ಸ್ಟೆಫಾನರಿಗೆ ಸಂದಿತು.

1893ರ ಜನವರಿ 7ರಂದು ವಿಯೆನ್ನಾದಲ್ಲಿ ಅವರು ತೀರಿಕೊಂಡರು. ಆ ವರ್ಗನಿಯಮವೇ ಮುಂದೆ ಉಕ್ಕಿನ ಕಾರ್ಖಾನೆಗಳನ್ನು ಹೊಕ್ಕಿತು. ನಿರಂತರ ಎರಕದಲ್ಲಿ ಅಚ್ಚಿನಿಂದ ಹೊರಬರುವ ಉಕ್ಕಿನ ಗಟ್ಟಿ ಸಿಪ್ಪೆ ಎಷ್ಟು ದಪ್ಪವಿರಬೇಕೆಂಬ ಮೊದಲ ಅಂದಾಜು ಅದರಿಂದಲೇ ಸಿಗುತ್ತದೆ. ಸಿಪ್ಪೆ ತೆಳುವಾಗಿ ಒಡೆದರೆ ಒಳಗಿನ ಕುದಿಲೋಹ ಹೊರಚೆಲ್ಲುತ್ತದೆ. ಮಿಶ್ರಲೋಹಗಳಲ್ಲಾದರೋ ತೊಡಕು ಹೆಚ್ಚು. ಅವುಗಳಲ್ಲಿ ಹೆಚ್ಚಿನವು ಒಂದೇ ಉಷ್ಣತೆಯಲ್ಲಿ ಗಟ್ಟಿಯಾಗುವುದಿಲ್ಲ. ಘನ ಮತ್ತು ದ್ರವಗಳ ನಡುವೆ ಸ್ಪಷ್ಟ ಗಡಿಗೆ ಬದಲಾಗಿ, ಹರಳಿನ ಕವಲುಗಳು ಹರಡಿದ ಗಂಜಿಯಂತಹ ಪಟ್ಟಿಯೊಂದಿರುತ್ತದೆ.